ಕರೆಗೆ ಓಗೊಡುವವರು



ಪ್ರತಿವರ್ಷ ಸೆಪ್ಟೆಂಬರ್ 29ರಂದು ನಾವು ಮಹಾದೂತರಾದ ಮಿಕೇಲ್, ಗಬ್ರಿಯೇಲ್ ಹಾಗೂ ರಫಾಯೇಲರ ಹಬ್ಬವನ್ನು ಆಚರಿಸುತ್ತೇವೆ. ಮಾತೆ ಮರಿಯಮ್ಮನವರಿಗೆ ಸಂದೇಶ ತಂದ ಗಬ್ರಿಯೇಲ್ ದೂತರನ್ನು ಪೋಪ್ ಹನ್ನೆರಡನೆಯ ಪಿಯುಸ್ ಅವರು 1951ರ ಜನವರಿ 12ರಂದು ದೂರಸಂಪರ್ಕ ಕ್ಷೇತ್ರದಲ್ಲಿ ದುಡಿಯುವವರ ಪಾಲಕರೆಂದು ಘೋಷಿಸಿದರು. ಆ ಕ್ಷೇತ್ರದಲ್ಲಿ ನಾವೆಂದೂ ಮುಖ ನೋಡದ ಒಂದು ಗುಂಪಿದೆ. 108 ಅಥವಾ 112ಕ್ಕೆ ಫೋನು ಮಾಡಿದಾಗ ನಮ್ಮ ಅಳು, ಗಾಬರಿ, ಸಿಟ್ಟನ್ನೆಲ್ಲ ಮೊದಲು ಕೇಳಿಸಿಕೊಳ್ಳುವವರು ಅವರು. ಅವರ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಈ ಹಬ್ಬದ ನೆಪದಲ್ಲಿ ತಿಳಿದುಕೊಳ್ಳೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂಥ ಗಡಿಭಾಗದಲ್ಲಿ ಬಾಳುವ ನಮಗೆ ಈ ತಿಳಿವಳಿಕೆ ಒಂದು ಜೀವವನ್ನೇ ಉಳಿಸಬಲ್ಲದು.

ಒಂದೇ ಸಂಖ್ಯೆ ಏಕೆ ಬಂತು?

1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರೊಬ್ಬರು ಫೋನು ಮಾಡಿದ್ದರೂ ಅವರ ಕರೆ ಎಕ್ಸ್‌ಚೇಂಜಿನ ಸಾಲಿನಲ್ಲಿ ಕಾಯುತ್ತ ಉಳಿದಿತ್ತು. ಈ ದುಃಖದಿಂದ ಪಾಠ ಕಲಿತು 1937ರ ಜೂನ್ 30ರಂದು ಅಲ್ಲಿ 999 ಎಂಬ ತುರ್ತು ಸಂಖ್ಯೆ ಆರಂಭವಾಯಿತು. ನಮ್ಮ ದೇಶದಲ್ಲಿ 108 ಆಂಬುಲೆನ್ಸ್ ಸೇವೆ 2005ರ ಆಗಸ್ಟ್ 15ರಂದು ಆಂಧ್ರಪ್ರದೇಶದಲ್ಲಿ ಮೊದಲಾಯಿತು. ಕರ್ನಾಟಕಕ್ಕೆ ಅದು 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಬಂದಿತು. ಅನಂತರ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ಸಂಖ್ಯೆಯಾಗಿ 112 ಸೇರಿಕೊಂಡಿತು.

ಆ ಕೋಣೆಯೊಳಗೆ

ನಾವು ಅಥಣಿಯಿಂದ 108ಕ್ಕೆ ಫೋನು ಮಾಡಿದರೆ ಓಗೊಡುವವರು ಅಥಣಿ ಆಸ್ಪತ್ರೆಯಲ್ಲಿ ಕುಳಿತಿರುವುದಿಲ್ಲ. ಅವರು ಇರುವುದು ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ. ಇಂಥ ಕೇಂದ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಕೆಲಸವಿದೆ. ಒಬ್ಬರು ಕರೆ ಸ್ವೀಕರಿಸಿ, ಕೇಳುತ್ತ ಕೇಳುತ್ತಲೇ ಕಂಪ್ಯೂಟರಿನಲ್ಲಿ ವಿವರ ಬರೆಯುತ್ತಾರೆ. ಇನ್ನೊಬ್ಬರು ಆ ವಿವರವನ್ನು ತಮ್ಮ ಪರದೆಯ ಮೇಲೆ ನೋಡಿ, ಹತ್ತಿರದಲ್ಲಿ ಖಾಲಿ ಇರುವ ವಾಹನ ಯಾವುದೆಂದು ಗುರುತಿಸಿ ಅದನ್ನು ಹೊರಡಿಸುತ್ತಾರೆ. 108ರ ಕೇಂದ್ರದಲ್ಲಿ ಸಲಹೆ ಕೊಡಲು ವೈದ್ಯರೂ ಇರುತ್ತಾರೆ. ವಾಹನದಲ್ಲಿ ಪ್ರಥಮ ಚಿಕಿತ್ಸೆ ಬಲ್ಲ ಸಿಬ್ಬಂದಿಯೊಬ್ಬರು ಹಾಗೂ ‘ಪೈಲಟ್’ ಎಂದು ಕರೆಯಲಾಗುವ ಚಾಲಕರು ಇರುತ್ತಾರೆ.

ಹೀಗೊಂದು ಕರೆಯನ್ನು ಊಹಿಸಿಕೊಳ್ಳೋಣ.

“ಲಗೂನ ಗಾಡಿ ಕಳಸ್ರೀ, ನಮ್ಮಪ್ಪಗ ಎದಿ ನೋವು ಬಂದೈತಿ!”

“ಯಾವ ಊರು ಸರ್?”

“ಇಲ್ಲೇ ನಮ್ಮ ತ್ವಾಟದಾಗ ಅದೀವ್ರಿ!”

“ಯಾವ ತಾಲೂಕು? ಹತ್ತಿರ ಶಾಲೆ, ಗುಡಿ ಏನಾದರೂ ಇದೆಯಾ?”

“ಏ, ಪ್ರಶ್ನಿ ಕೇಳ್ಕೋತ ಕುಂದರಬ್ಯಾಡ್ರಿ, ಮೊದಲ ಗಾಡಿ ಕಳಸ್ರಿ!”

ಮಗನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಸ್ಥಳ ತಿಳಿಯದೆ ಗಾಡಿಯನ್ನು ಎಲ್ಲಿಗೆ ಕಳಿಸುವುದು? ಸ್ಥಳವೂ ತೊಂದರೆಯೂ ಗೊತ್ತಾದರೆ ವಾಹನ ಹೊರಡಿಸುವ ಕೆಲಸ ಪಕ್ಕದ ಮೇಜಿನಲ್ಲಿ ಶುರುವಾಗುತ್ತದೆ. ಮುಂದಿನ ಪ್ರಶ್ನೆಗಳು ರೋಗಿಗೆ ಉಸಿರಿದೆಯೇ, ಎಚ್ಚರವಿದೆಯೇ, ರಕ್ತ ಹೋಗುತ್ತಿದೆಯೇ ಎಂದು ತಿಳಿಯುವುದಕ್ಕಾಗಿ. ಆ ಉತ್ತರದ ಮೇಲೆ, ಗಾಡಿ ಬರುವ ತನಕ ನಾವು ಮಾಡಬೇಕಾದದ್ದನ್ನು ಅವರು ಹೇಳಿಕೊಡಬಲ್ಲರು. ಗಾಯವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಉಸಿರು ನಿಂತವನ ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಬೇಕು. ಆದ್ದರಿಂದ ಫೋನನ್ನು ನಾವಾಗಿ ಕಟ್ ಮಾಡಬಾರದು.

ಗಡಿಯ ತೊಡಕುಗಳು

ನಮ್ಮ ಭಾಗದಲ್ಲಿ ಈ ಕೆಲಸ ಬೇರೆಡೆಗಿಂತ ಕಠಿಣ. ಕಾರಣಗಳು ಹಲವು.

ಮೊದಲನೆಯದು ಸಿಗ್ನಲ್. ಮೊಬೈಲಿನ ಅಲೆಗಳಿಗೆ ರಾಜ್ಯದ ಗಡಿ ತಿಳಿಯದು. ಕಾಗವಾಡದ ಅಂಚಿನಲ್ಲೋ ನಿಪ್ಪಾಣಿಯ ಆಚೆಯ ಹಳ್ಳಿಯಲ್ಲೋ ನಿಂತು ಮಾಡಿದ ಕರೆಯನ್ನು ಮಹಾರಾಷ್ಟ್ರದ ಟವರ್ ಹಿಡಿದರೆ ಅದು ಆ ರಾಜ್ಯದ ಕೇಂದ್ರಕ್ಕೆ ಹೋಗಬಹುದು. ಅಲ್ಲಿಯೂ 2014ರಿಂದ ಇದೇ 108 ಸಂಖ್ಯೆ ಇದೆ, 112 ಕೂಡ ಇದೆ. ಮರಾಠಿ ಕೇಳಿಸಿತೆಂದು ಗಾಬರಿಯಾಗಿ ಫೋನು ಇಡಬಾರದು. “ಕರ್ನಾಟಕ, ಬೆಳಗಾವಿ ಜಿಲ್ಲೆ” ಎಂದು ಮೊದಲೇ ಹೇಳಿದರೆ ಅವರಿಗೂ ದಾರಿ ತಿಳಿಯುತ್ತದೆ.

ಎರಡನೆಯದು ಹೆಸರು. ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲೂಕುಗಳು. ಎಷ್ಟೋ ಹಿರಿಯರು ಇಂದಿಗೂ ಬಾಯಿಯ ರೂಢಿಯಿಂದ ಚಿಕ್ಕೋಡಿ ತಾಲೂಕು, ಅಥಣಿ ತಾಲೂಕು ಎಂದೇ ಹೇಳುತ್ತಾರೆ. ಉಗಾರ ಖುರ್ದ ಬೇರೆ, ಉಗಾರ ಬುದ್ರುಕ ಬೇರೆ. ನಮಗೆ ಬರೀ “ಉಗಾರ” ಎಂದರೆ ಸಾಕು, ಆದರೆ ದೂರದ ಊರಿನಲ್ಲಿ ಕುಳಿತ ಹುಡುಗಿಗೆ ಸಾಲದು. ಇನ್ನು ಕಬ್ಬಿನ ನಡುವೆ ಚದುರಿರುವ ತೋಟದ ಮನೆಗಳಿಗೆ ಬೀದಿಯ ಹೆಸರೂ ಇಲ್ಲ, ಮನೆಯ ಫಲಕವೂ ಇಲ್ಲ. ಮುಖ್ಯ ರಸ್ತೆಯ ಒಂದು ಗುರುತು ಹೇಳಿ, ಅಲ್ಲಿಗೆ ಒಬ್ಬ ಹುಡುಗನನ್ನು ಬ್ಯಾಟರಿ ಕೊಟ್ಟು ನಿಲ್ಲಿಸುವುದೇ ಜಾಣತನ.

ಮೂರನೆಯದು ನೀರು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಹರಿದದ್ದನ್ನು ನಾವು ಮರೆತಿಲ್ಲ. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಮುಳುಗಿತು, ಕುಡಚಿಯ ಸೇತುವೆ ನೀರಿನಡಿ ಹೋಯಿತು. 2021ರ ಜುಲೈಯಲ್ಲಿ ಮತ್ತೆ ಪ್ರವಾಹ ಬಂತು. ಅಂಥ ದಿನ ಪರದೆಯ ನಕಾಶೆಯಲ್ಲಿ ಹತ್ತಿರ ಕಾಣುವ ಗಾಡಿ ನಿಜವಾಗಿ ಹೊಳೆಯ ಆಚೆ ದಡದಲ್ಲಿರಬಹುದು. ಯಾವ ಸೇತುವೆ ಮುಳುಗಿದೆ, ಯಾವ ದಾರಿ ತೆರೆದಿದೆ ಎಂಬುದನ್ನು ಸರಿಯಾಗಿ ಬಲ್ಲವರು ನಾವೇ. ಅದನ್ನು ಕರೆಯಲ್ಲೇ ಹೇಳಬೇಕು.

ಯಂತ್ರವೂ ಕೈಕೊಡುವುದುಂಟು. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ ರಾಜ್ಯದ 108 ಸೇವೆ ಅಸ್ತವ್ಯಸ್ತವಾಗಿತ್ತು. ಆದುದರಿಂದ ಹತ್ತಿರದ ಆಸ್ಪತ್ರೆಯ ನಂಬರು ಹಾಗೂ ಊರಿನಲ್ಲಿ ಗಾಡಿ ಇರುವವರ ನಂಬರು ಮನೆಯಲ್ಲಿರಲಿ.

ನಮ್ಮಿಂದ ಅವರಿಗೆ

ಕೇಂದ್ರದಲ್ಲಿ ಕುಳಿತವರ ಒಂದು ನೋವನ್ನು ನಾವು ಯೋಚಿಸಿಯೇ ಇರುವುದಿಲ್ಲ. ಹೆರಿಗೆ ನೋವಿನ ತಾಯಿಗೆ ಗಾಡಿ ಕಳಿಸಿದವರಿಗೆ ಮಗು ಹುಟ್ಟಿತೇ ಎಂದು ತಿಳಿಸುವವರು ಅಪರೂಪ. ಒಂದು ಕರೆ ಮುಗಿಯುತ್ತಲೇ ಇನ್ನೊಂದು ಬರುತ್ತದೆ, ಮತ್ತೆ ಅದೇ ಶಾಂತ ದನಿಯಲ್ಲಿ ಮಾತಾಡಬೇಕು. ನಡುವೆ ಬೈಗುಳ, ಹುಡುಗಾಟದ ಕರೆಗಳು. 2017ರ ನಂತರ ಬಂದ ಸಾದಾ ಮೊಬೈಲಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗನೆ ಮೂರು ಸಲ ಒತ್ತಿದರೆ ತುರ್ತು ಕರೆ ಹೋಗುವ ಏರ್ಪಾಡಿದೆ. ಮಕ್ಕಳ ಕೈಯಲ್ಲಿ ಫೋನು ಆಟಿಕೆಯಾದಾಗ ಇಂಥ ಕರೆ ಹೋಗಿಬಿಟ್ಟರೆ, ಸುಮ್ಮನೆ ಕಟ್ ಮಾಡದೆ “ತಪ್ಪಿ ಬಂತು, ಏನೂ ತೊಂದರೆ ಇಲ್ಲ” ಎಂದು ಹೇಳಿದರೆ ಅವರ ಸಮಯ ಉಳಿಯುತ್ತದೆ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಟ್ರಾಲಿಗೆ ಬೈಕು ಗುದ್ದಿ ಬಿದ್ದವನನ್ನು ಕಂಡರೂ, “ಪೊಲೀಸ್ ಸ್ಟೇಷನ್ ಅಲೆದಾಟ ಯಾರಿಗೆ ಬೇಕು” ಎಂದು ಮುಂದೆ ಸಾಗುವವರಿದ್ದಾರೆ. ಆ ಭಯ ಇನ್ನು ಬೇಡ. ನೆರವಾದವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅದನ್ನು ಇನ್ನಷ್ಟು ಭದ್ರಗೊಳಿಸಿತು. ಅಪಘಾತದ ಸುದ್ದಿ ಕೊಟ್ಟವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಈ ನೆರವಿಗರನ್ನು ಕಾನೂನು ಏನೆಂದು ಕರೆಯುತ್ತದೆ ಗೊತ್ತೇ? ಸಂತ ಲೂಕನ ಶುಭಸಂದೇಶದಲ್ಲಿ ನಾವು ಚಿಕ್ಕಂದಿನಿಂದ ಕೇಳಿದ ಆ ದಯಾಳು ಸಮಾರಿತನ ಹೆಸರಿನಿಂದಲೇ. ಅವನಂತೆ ಗಾಯ ಕಟ್ಟಲು ನಮಗೆ ಬಾರದಿರಬಹುದು, ಒಂದು ಕರೆ ಮಾಡಿ ಅಲ್ಲಿಯೇ ನಿಲ್ಲಲು ಯಾರಿಗೂ ಬರುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಊರು, ತೋಟದ ಹೆಸರು, ಹತ್ತಿರದ ಗುರುತು, ಮಳೆಗಾಲದ ದಾರಿ ಇಷ್ಟನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸೋಣ. ಮಗ ದುಡಿಯಲು ಹೊರಗೆ ಹೋದಾಗ ಮನೆಯಲ್ಲಿ ಉಳಿಯುವ ಅಜ್ಜಿ, ಮೊಮ್ಮಗಳು ಗಾಬರಿಯಲ್ಲೂ ಅದನ್ನು ನೋಡಿ ಓದಿ ಹೇಳಲಿ. ಓದು ಬರೆಹ ಬಾರದ ಮನೆಗಳಿಗೆ ಧರ್ಮಕೇಂದ್ರದ ಯುವಕ ಯುವತಿಯರು ಭಾನುವಾರದ ಪೂಜೆಯ ನಂತರ ಹೋಗಿ ಬರೆದುಕೊಟ್ಟು, ಒಂದೆರಡು ಸಲ ಬಾಯಿಪಾಠ ಮಾಡಿಸಿ ಬರಲಿ. ಅತ್ತ ಕಡೆ ಓಗೊಡುವವರು ಹಗಲಿರುಳೂ ಎಚ್ಚರವಾಗಿದ್ದಾರೆ. ನಾವಿರುವ ಜಾಗವನ್ನು ಅವರಿಗೆ ಸರಿಯಾಗಿ ಹೇಳುವ ಕೆಲಸ ಮಾತ್ರ ನಮ್ಮದು.