ಅಳತೆ ಹಳೆಯದಿರಲಿ, ರಬ್ಬರು ಹೊಸದಾಗಲಿ

1989ರ ಫೆಬ್ರುವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಮಜ್ದಾ ಕಂಪನಿ ಎಂಎಕ್ಸ್-5 ಎಂಬ ಎರಡು ಸೀಟಿನ, ಟಾಪು ಮಡಚುವ ಪುಟ್ಟ ಕಾರನ್ನು ಜಗತ್ತಿಗೆ ತೋರಿಸಿತು. 1.6 ಲೀಟರ್ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ. ಕುದುರೆಯೂ ಸವಾರನೂ ಒಂದೇ ಜೀವವಾಗಿ ಓಡಬೇಕು ಎಂಬುದು ಅದನ್ನು ರೂಪಿಸಿದವರ ಆಸೆ. ಆ ಮೊದಲ ತಲೆಮಾರಿನ ಕಾರುಗಳಿಗೆ ಈಗ ಮೂವತ್ತು ವರ್ಷ ದಾಟಿದೆ. ಅವುಗಳ ಟೈರು ಬದಲಿಸುವಾಗ ಒಂದು ಸೂತ್ರ ನೆನಪಿಟ್ಟರೆ ಸಾಕು: ಅಳತೆಯಲ್ಲಿ ಹಳೆಯದಕ್ಕೆ ಹತ್ತಿರವಿರಿ, ರಬ್ಬರಿನಲ್ಲಿ ಹೊಸದನ್ನು ಆರಿಸಿ. ಬೇರೆ ಹಳೆಯ ಸ್ಪೋರ್ಟ್ಸ್ ಕಾರುಗಳಿಗೂ ಇದೇ ಲೆಕ್ಕ.

ಮೊದಲು ವಯಸ್ಸು ನೋಡಿ

ಇಂಥ ಕಾರುಗಳು ಓಡುವುದಕ್ಕಿಂತ ಶೆಡ್ಡಿನಲ್ಲಿ ನಿಲ್ಲುವುದೇ ಹೆಚ್ಚು. ಹಾಗಾಗಿ ಟ್ರೆಡ್ ಸವೆಯುವ ಮೊದಲೇ ರಬ್ಬರು ಗಟ್ಟಿಯಾಗುತ್ತದೆ. ನೋಡಲು ಹೊಸದರಂತಿರುವ ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಅದರ ಜಾತಕವಿದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು; ಓಡಿಸಲೇಬೇಡಿ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷ ತಪಾಸಣೆ ಮಾಡಿಸಿ. ಟ್ರೆಡ್ ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ತೆಗೆದುಬಿಡಿ.

ಅಂಕಿಗಳ ಲೆಕ್ಕ

ಈ ಕಾರಿನ ಮೂಲ ಅಳತೆ 185/60 ಆರ್14. ಅಗಲ 185 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಅಗಲದ ಶೇ 60, ಅಂದರೆ 111 ಮಿ.ಮೀ.; ರಿಮ್ಮಿನ ವ್ಯಾಸ 14 ಇಂಚು. ಎಲ್ಲ ಸೇರಿಸಿದರೆ ಟೈರಿನ ಒಟ್ಟು ವ್ಯಾಸ ಸುಮಾರು 578 ಮಿ.ಮೀ. ಸ್ಪೀಡೋಮೀಟರು, ಗೇರುಗಳು, ಚಕ್ರದ ಸುತ್ತಲಿನ ಜಾಗ ಎಲ್ಲವೂ ಈ ವ್ಯಾಸವನ್ನೇ ನಂಬಿ ನಿಂತಿವೆ.

14 ಇಂಚಿನಲ್ಲಿ ಒಳ್ಳೆಯ ಸ್ಪೋರ್ಟ್ಸ್ ಟೈರುಗಳ ಆಯ್ಕೆ ಈಗ ಕಡಿಮೆ. ಆದ್ದರಿಂದ ಅನೇಕರು 15 ಇಂಚಿನ ರಿಮ್ಮಿಗೆ ಬದಲಾಗುತ್ತಾರೆ. ಆಗ ಹೊಂದುವ ಅಳತೆ 195/50 ಆರ್15. ಇದರ ವ್ಯಾಸ 576 ಮಿ.ಮೀ.; ವ್ಯತ್ಯಾಸ ಎರಡೇ ಮಿಲಿಮೀಟರು. ಅದೇ 195/55 ಆರ್15 ಹಾಕಿದರೆ ವ್ಯಾಸ 596ರ ಹತ್ತಿರ ಹೋಗುತ್ತದೆ. ಮುಳ್ಳು 100 ತೋರಿಸುವಾಗ ಕಾರು ಮೊದಲಿಗಿಂತ ಶೇ 3ರಷ್ಟು ವೇಗವಾಗಿ ಓಡುತ್ತಿರುತ್ತದೆ, ಪಿಕಪ್ಪೂ ಮಂದವಾಗುತ್ತದೆ.

ರಿಮ್ಮಿನ ಅಗಲವನ್ನೂ ಮರೆಯಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. 195/50 ಟೈರಿಗೆ ಐದೂವರೆಯಿಂದ ಏಳು ಇಂಚು ಅಗಲದ ರಿಮ್ ಬೇಕು. ಕಿರಿದಾದ ರಿಮ್ಮಿಗೆ ಅಗಲದ ಟೈರು ತುರುಕಿದರೆ ಅದರ ಪಕ್ಕಗಳು ಉಬ್ಬಿ, ತಿರುವಿನಲ್ಲಿ ಓಲಾಡುತ್ತವೆ.

ಇನ್ನೂ ದೊಡ್ಡ ರಿಮ್ ನೋಡಲು ಚೆಂದ. ಆದರೆ ಅದರ ಪ್ರತಿ ಗ್ರಾಮು ಭಾರವನ್ನೂ ಸಸ್ಪೆನ್ಷನ್ನೇ ಹತೋಟಿಯಲ್ಲಿಡಬೇಕು. ಚಕ್ರ ಭಾರವಾದಷ್ಟೂ ಹಳ್ಳದಿಂದೆದ್ದ ಅದನ್ನು ಮತ್ತೆ ರಸ್ತೆಗೆ ಒತ್ತುವುದು ಶಾಕ್ ಅಬ್ಸಾರ್ಬರಿಗೆ ಕಷ್ಟ. ಹಗುರವೇ ಪ್ರಾಣವಾದ ಕಾರಿಗೆ ಇದು ನಷ್ಟದ ವ್ಯಾಪಾರ.

ರಬ್ಬರಿನಲ್ಲಿ ಏನು ಬದಲಾಗಿದೆ?

ಈ ಕಾರು ಹುಟ್ಟಿದಾಗ ಟೈರಿನ ರಬ್ಬರಿಗೆ ಬಲ ಕೊಡುತ್ತಿದ್ದದ್ದು ಮುಖ್ಯವಾಗಿ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ. 1992ರಲ್ಲಿ ಮಿಶೆಲಿನ್ ಕಂಪನಿ ಅದರ ಒಂದು ಪಾಲಿನ ಬದಲು ಸಿಲಿಕಾ ಬೆರೆಸಿದ ಟೈರನ್ನು ಹೊರತಂದಿತು. ಸಿಲಿಕಾದಿಂದ ಉರುಳುವಾಗಿನ ಶಕ್ತಿನಷ್ಟ ತಗ್ಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಉಳಿಯುತ್ತದೆ. ಹಳೆಯ ಅಳತೆಯಲ್ಲೇ ಇಂದಿನ ಟೈರು ಹಾಕಿದರೂ ಮಳೆಯಲ್ಲಿ ಕಾರು ಮೊದಲಿಗಿಂತ ಬೇಗ ನಿಲ್ಲುವುದು ಇದರಿಂದಲೇ. ಯುರೋಪಿನಲ್ಲಿ ಮಾರುವ ಟೈರಿನ ಲೇಬಲ್ಲಿನಲ್ಲಿ ಒದ್ದೆ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆಯಿದೆ. ನಾನಾದರೆ ಮೊದಲು ನೋಡುವುದು ಅದನ್ನೇ.

ಅಮೆರಿಕದಲ್ಲಿ ಮಾರುವ ಟೈರುಗಳ ಮೇಲೆ ಟ್ರೆಡ್‌ವೇರ್ ಅಂಕಿ ಇರುತ್ತದೆ. 200ರ ಆಸುಪಾಸಿನದು ಮೃದು. ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. 400 ದಾಟಿದ್ದು ಹೆಚ್ಚು ದಿನ ಬರುತ್ತದೆ. ಈ ಅಂಕಿ ಕೊಡುವವರು ತಯಾರಕರೇ ಆದ್ದರಿಂದ ಒಂದೇ ಕಂಪನಿಯ ಟೈರುಗಳ ನಡುವೆ ಮಾತ್ರ ಹೋಲಿಸಿ. ರೇಸ್ ಟ್ರ್ಯಾಕಿನ ಕಡೆ ವಾಲಿದ ಟೈರುಗಳು ಬಿಸಿಯೇರಿದ ಮೇಲೆಯೇ ಪೂರ್ತಿ ಕೆಲಸ ಮಾಡುತ್ತವೆ. ಭಾನುವಾರದ ಬೆಳಗಿನ ಸುತ್ತಾಟಕ್ಕೆ ಅವು ಬೇಡ. ಅತಿಯಾದ ಹಿಡಿತ ಹಳೆಯ ಬುಷ್, ಬೇರಿಂಗುಗಳ ಮೇಲೂ ಭಾರ ಹೇರುತ್ತದೆ.

ಟೈರು ಅಂಗಡಿಯಲ್ಲಿ

ನಾಲ್ಕೂ ಟೈರು ಒಂದೇ ಕಂಪನಿಯ ಒಂದೇ ಮಾದರಿಯವಾಗಿರಲಿ. ಮೂಲ ಟೈರಿನ ಭಾರ ಸೂಚ್ಯಂಕ 82, ಅಂದರೆ ಒಂದೊಂದು ಟೈರು 475 ಕಿಲೊ ಹೊರುತ್ತದೆ. ಈ ಕಾರಿಗೆ ಅದು ಧಾರಾಳ. ಅದಕ್ಕಿಂತ ಕಡಿಮೆಯದು ಬೇಡ, ಭಾರದ ವಾಹನಗಳಿಗೆಂದು ಗಟ್ಟಿ ಮಾಡಿದ ಎಕ್ಸ್‌ಎಲ್ ಟೈರೂ ಬೇಡ. ವೇಗದ ಅಕ್ಷರ ಎಚ್, ಅಂದರೆ ಗಂಟೆಗೆ 210 ಕಿ.ಮೀ., ಅಥವಾ ಅದಕ್ಕೂ ಮೇಲಿನದಿರಲಿ.

ಕೊನೆಯದಾಗಿ ಗಾಳಿ. ಈ ಕಾರಿಗೆ ಮಜ್ದಾ ಹೇಳಿದ್ದು 26 ಪಿಎಸ್‌ಐ, ಟೈರು ತಣ್ಣಗಿದ್ದಾಗ. ಅಂಗಡಿಯ ಹುಡುಗರು ಅಭ್ಯಾಸಬಲದಿಂದ 32 ತುಂಬಿಸಿಬಿಡುತ್ತಾರೆ. ಆಗ ಹಗುರದ ಕಾರು ಸಣ್ಣ ಉಬ್ಬಿಗೂ ಕುಪ್ಪಳಿಸುತ್ತದೆ, ಮಾಲೀಕರು ಟೈರನ್ನು ಬೈಯುತ್ತಾರೆ. ಪಕ್ಕದಲ್ಲೇ ನಿಂತು 26ಕ್ಕೆ ನಿಲ್ಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಹೊಸ ಟೈರಿನ ನುಣುಪು ಹೋಗುವ ತನಕ ಮೊದಲ ಕೆಲವು ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ. ಆಮೇಲೆ ಒಂದು ತಿರುವಿನಲ್ಲಿ ಸ್ಟೀರಿಂಗನ್ನು ಹಗುರವಾಗಿ ಹಿಡಿದು ನೋಡಿ. ಹಿಡಿತ ಎಲ್ಲಿ ಸಡಿಲವಾಗುತ್ತಿದೆ ಎಂಬುದು ಮೊದಲೇ ಅಂಗೈಗೆ ತಿಳಿಯುತ್ತಿದ್ದರೆ, ನೀವು ಆರಿಸಿದ ಟೈರು ಸರಿಯಾಗಿದೆ.