ಗಡಿಯ ಮೇಲೆ ಹೆಣ, ಲಂಗದಡಿ ಹೃದಯ!

ಒಬ್ಬ ಜರ್ಮನ್ ಮುದುಕ. ಹುಟ್ಟಿದೂರನ್ನು ಕಣ್ಣಾರೆ ನೋಡಿಬರೋಣವೆಂದು ಪೋಲೆಂಡಿಗೆ ಬಂದವನು, ಬೆಟ್ಟ ಹತ್ತಿ ಸುಸ್ತಾಗಿ, ಸರಿಯಾಗಿ ಗಡಿಯ ಮೇಲೆಯೇ ಪ್ರಾಣ ಬಿಡುತ್ತಾನೆ. ಒಂದು ಕಾಲು ಪೋಲೆಂಡಿನಲ್ಲಿ, ಇನ್ನೊಂದು ಜೆಕ್ ನೆಲದಲ್ಲಿ! ಜೆಕ್ ಕಾವಲಿನವರು ಬರುತ್ತಾರೆ, ತಮ್ಮ ಕಡೆಯ ಕಾಲನ್ನು ಮೆಲ್ಲಗೆ ಪೋಲೆಂಡಿಗೆ ಸರಿಸುತ್ತಾರೆ. ಆಮೇಲೆ ಪೋಲೆಂಡಿನವರು ಬಂದು ಇಡೀ ಹೆಣವನ್ನೇ ಆಚೆಗೆ ಸಾಗಹಾಕುತ್ತಾರೆ!

ನಗಬೇಕೋ ಅಳಬೇಕೋ? 1998ರ ‘ಹಗಲ ಮನೆ, ಇರುಳ ಮನೆ’ ಕಾದಂಬರಿಯಲ್ಲಿ ಇದನ್ನು ಬರೆದಾಕೆ ಪೋಲೆಂಡಿನ ಓಲ್ಗಾ ಟೊಕಾರ್ಚುಕ್. ಹುಟ್ಟಿದ್ದು 1962ರಲ್ಲಿ, ಸುಲೆಹುಫ್ ಎಂಬ ಸಣ್ಣ ಊರಿನಲ್ಲಿ. ವಾರ್ಸಾದಲ್ಲಿ ಮನಃಶಾಸ್ತ್ರ ಓದಿ, ಕೆಲಕಾಲ ರೋಗಿಗಳ ಮನದಾಳ ಕೇಳಿಸಿಕೊಂಡು, ಕೊನೆಗೆ ಜೆಕ್ ಗಡಿಯ ನೊವಾ ರುದಾ ಬಳಿಯ ಹಳ್ಳಿಯೊಂದಕ್ಕೆ ಹೋಗಿ ನೆಲೆಸಿದಳು. ಎಂಥ ನೆಲ ಅದು! 1945ರವರೆಗೆ ಜರ್ಮನಿ, ಯುದ್ಧ ಮುಗಿದದ್ದೇ ಪೋಲೆಂಡ್. ಜರ್ಮನರನ್ನು ಹೊರಗಟ್ಟಿದ ಮನೆಗಳಲ್ಲಿ ಪೂರ್ವದಿಂದ ಬಂದ ಪೋಲಿಷರು ಒಲೆ ಹಚ್ಚಿದರು. ಗಡಿ ಎಂದರೆ ಎಷ್ಟು ಪೊಳ್ಳು ಎಂಬುದು ಈಕೆಗೆ ಮನೆ ಬಾಗಿಲಲ್ಲೇ ಸಿಕ್ಕ ವಸ್ತು.

2007ರ ‘ಬಿಯೆಗುನಿ’ ಕಾದಂಬರಿಯಂತೂ ಕಾಲೂರಿ ನಿಲ್ಲುವುದೇ ಇಲ್ಲ. ಪ್ಯಾರಿಸ್ಸಿನಲ್ಲಿ ತೀರಿಕೊಂಡ ಸಂಗೀತಗಾರ ಶೋಪಾನ್‌ನ ಹೃದಯವನ್ನು ಅಕ್ಕ ಲುದ್ವಿಕಾ ಜಾಡಿಯಲ್ಲಿಟ್ಟು, ಲಂಗದಡಿ ಬಚ್ಚಿಟ್ಟು ವಾರ್ಸಾಕ್ಕೆ ತರುತ್ತಾಳೆ. ಇನ್ನೊಂದು ಕಥೆಯಲ್ಲಿ ವೈದ್ಯನೊಬ್ಬ, ಕತ್ತರಿಸಿ ತೆಗೆದ ತನ್ನದೇ ಕಾಲನ್ನು ಕೊಯ್ದು ಕೊಯ್ದು ಪರೀಕ್ಷಿಸುತ್ತಾನೆ! ಜೆನಿಫರ್ ಕ್ರಾಫ್ಟ್ ಅದನ್ನು ಇಂಗ್ಲಿಷಿಗೆ ತಂದರು. 2018ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಹೌದು, 2025ರಲ್ಲಿ ನಮ್ಮ ಬಾನು ಮುಷ್ತಾಕ್‌ರಿಗೆ ಬಂದ ಅದೇ ಬೂಕರ್.

ಇಷ್ಟಕ್ಕೇ ಬೆರಗಾದರೆ ‘ಯಾಕೂಬನ ಪುಸ್ತಕಗಳು’ ಕೈಗೆತ್ತಿಕೊಳ್ಳಿ. ತಾನೇ ಮೆಸ್ಸೀಯ ಎಂದುಕೊಂಡು, ಯೆಹೂದಿ ಧರ್ಮದಿಂದ ಇಸ್ಲಾಮಿಗೂ ಅಲ್ಲಿಂದ ಕ್ರೈಸ್ತಕ್ಕೂ ಸಾವಿರಾರು ಜನರನ್ನು ಬೆನ್ನಿಗೆ ಹಾಕಿಕೊಂಡು ದಾಟಿದ ಹದಿನೆಂಟನೇ ಶತಮಾನದ ಯಾಕೂಬ್ ಫ್ರಾಂಕ್‌ನ ಕಥೆ. ಒಂಬೈನೂರಕ್ಕೂ ಹೆಚ್ಚು ಪುಟ. ಪುಟಸಂಖ್ಯೆ ದೊಡ್ಡದರಿಂದ ಇಳಿಯುತ್ತ ಬರುತ್ತದೆ, ಹೀಬ್ರೂ ಪುಸ್ತಕಗಳ ನೆನಪಿಗೆ. 2015ರಲ್ಲಿ ಇದಕ್ಕೆ ಪೋಲೆಂಡಿನ ದೊಡ್ಡ ಪ್ರಶಸ್ತಿ ‘ನಿಕೆ’ ದಕ್ಕಿತು. ಅದೇ ಹೊತ್ತಿಗೆ, ನಮ್ಮ ದೇಶದ ಚರಿತ್ರೆ ಅಷ್ಟೇನೂ ಶುದ್ಧವಲ್ಲ ಎಂದು ಟಿವಿಯಲ್ಲಿ ಬಾಯಿಬಿಟ್ಟಳು ನೋಡಿ, ಕೊಲೆ ಬೆದರಿಕೆ ಶುರು! ಪ್ರಕಾಶಕರು ಅಂಗರಕ್ಷಕರನ್ನೇ ಇಡಬೇಕಾಯಿತು.

2019ರ ಅಕ್ಟೋಬರಿನಲ್ಲಿ, ತಡೆಹಿಡಿದಿದ್ದ 2018ರ ಸಾಹಿತ್ಯ ನೊಬೆಲ್ ಈಕೆಗೆ ಘೋಷಣೆಯಾಯಿತು. ಫೋನ್ ಬಂದಾಗಲೂ ಈಕೆ ಕಾರಿನಲ್ಲಿ, ಜರ್ಮನಿಯ ಹೆದ್ದಾರಿಯಲ್ಲಿ! ಇತ್ತ ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಆ ವಾರಾಂತ್ಯ ಮುಗಿಯುವ ತನಕ, ಅವಳ ಪುಸ್ತಕ ಕೈಯಲ್ಲಿದ್ದವರಿಗೆ ಬಸ್ಸು, ಟ್ರಾಮು ಪುಕ್ಕಟೆ. ‘ಯಾಕೂಬ’ನನ್ನು ಹೊತ್ತು ಬಂದವರಿಗೆ ಸೀಟನ್ನೂ ಬಿಟ್ಟುಕೊಡಬೇಕಿತ್ತು!