ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಲ್ಯಾಪ್‌ಟಾಪ್‌ಗೆ ಇಂಟರ್‌ನೆಟ್ ಸಿಗದಾದಾಗ

ನಿನ್ನೆ ರಾತ್ರಿಯವರೆಗೆ ಸರಿಯಾಗಿಯೇ ಇದ್ದ ಲ್ಯಾಪ್‌ಟಾಪ್ ಇಂದು ಬೆಳಿಗ್ಗೆ ‘ಇಂಟರ್‌ನೆಟ್ ಇಲ್ಲ’ ಎನ್ನುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಎರಡೇ ದಿನ ಉಳಿದಿವೆ. ಮಗಳಿಗೆ ಗಾಬರಿ, ತಂದೆಗೆ ಸಿಟ್ಟು. ‘ವೈರಸ್ ಹೊಕ್ಕಿರಬೇಕು, ಫಾರ್ಮ್ಯಾಟ್ ಮಾಡಿಸಿ’ ಎಂದು ಯಾರೋ ಸಲಹೆ ಕೊಡುತ್ತಾರೆ. ಲ್ಯಾಪ್‌ಟಾಪ್ ಚೀಲ ಸೇರಿ ಬಸ್ ಹತ್ತುತ್ತದೆ. ಸಂಜೆ ಮರಳುವಷ್ಟರಲ್ಲಿ ಅದರಲ್ಲಿದ್ದ ಟಿಪ್ಪಣಿ, ಫೋಟೊ, ಪ್ರಾಜೆಕ್ಟ್ ಎಲ್ಲವೂ ಅಳಿಸಿಹೋಗಿರುತ್ತವೆ. ಇಂಟರ್‌ನೆಟ್ ಮಾತ್ರ ಇನ್ನೂ ಬಂದಿರುವುದಿಲ್ಲ! ಏಕೆಂದರೆ ದೋಷವಿದ್ದದ್ದು ಬೀದಿಯ ಕೇಬಲಿನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರೈತರಿಗೆ ಇದರ ಉತ್ತರ ಮೊದಲೇ ಗೊತ್ತಿದೆ. ಕಬ್ಬಿಗೆ ನೀರು ಬರದಿದ್ದರೆ ಯಾರೂ ಕೂಡಲೇ ಪಂಪ್ ಬಿಚ್ಚುವುದಿಲ್ಲ. ಕರೆಂಟ್ ಇದೆಯೆ, ವಾಲ್ವ್ ತೆರೆದಿದೆಯೆ, ಪೈಪ್ ಎಲ್ಲಿಯಾದರೂ ಒಡೆದಿದೆಯೆ ಎಂದು ಸಾಲಿನುದ್ದಕ್ಕೂ ನಡೆದು ನೋಡುತ್ತಾರೆ. ಇಂಟರ್‌ನೆಟ್ ಕೂಡ ಇಂಥದೇ ಒಂದು ಸಾಲು. ಅದರಲ್ಲಿ ನಾಲ್ಕು ಘಟ್ಟಗಳಿವೆ: ಲ್ಯಾಪ್‌ಟಾಪ್, ಅದರಿಂದ ರೌಟರ್‌ವರೆಗಿನ ವೈಫೈ ಅಲೆ, ರೌಟರ್‌ನಿಂದ ಹೊರಗೆ ಹೋಗುವ ತಂತಿ, ಕೊನೆಗೆ ನಾವು ತೆರೆಯಬೇಕಾದ ಜಾಲತಾಣ. ದೋಷ ಯಾವ ಘಟ್ಟದಲ್ಲಿದೆ ಎಂದು ತಿಳಿಯುವವರೆಗೆ ಏನನ್ನೂ ಬದಲಿಸಬಾರದು.

ಮೊದಲ ಪರೀಕ್ಷೆ

ಮನೆಯ ಇನ್ನೊಂದು ಫೋನನ್ನು ಅದೇ ವೈಫೈಗೆ ಜೋಡಿಸಿ. ಆದರೆ ಅದಕ್ಕೂ ಮುನ್ನ ಫೋನಿನ ಮೊಬೈಲ್ ಡೇಟಾ ಆರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಫೋನ್ ತನ್ನ ಸಿಮ್ ಮೂಲಕ ಪುಟ ತೆರೆದುಬಿಡುತ್ತದೆ, ನೀವು ವೈಫೈ ಸರಿ ಇದೆ ಎಂದು ಮೋಸಹೋಗುತ್ತೀರಿ. ಫೋನಿನಲ್ಲೂ ಪುಟ ತೆರೆಯದಿದ್ದರೆ ಲ್ಯಾಪ್‌ಟಾಪ್ ಬಹುಮಟ್ಟಿಗೆ ನಿರಪರಾಧಿ. ಫೋನಿನಲ್ಲಿ ತೆರೆದು ಲ್ಯಾಪ್‌ಟಾಪಿನಲ್ಲಿ ತೆರೆಯದಿದ್ದರೆ ಮಾತ್ರ ಅದರ ಕಡೆ ತಿರುಗಬೇಕು. ಒಂದೇ ಒಂದು ತಾಣ ತೆರೆಯದೆ ಉಳಿದವೆಲ್ಲ ತೆರೆದರೆ ದೋಷ ಆ ತಾಣದ್ದು. ಅರ್ಜಿಯ ಕೊನೆಯ ದಿನಗಳಲ್ಲಿ ಎಲ್ಲರೂ ಒಮ್ಮೆಲೆ ಮುಗಿಬಿದ್ದಾಗ ಹೀಗಾಗುವುದುಂಟು.

ರೌಟರ್ ಏನು ಹೇಳುತ್ತದೆ?

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ರೌಟರ್ ಆರಿರುತ್ತದೆ. ಈ ಸರಳ ಸಂಗತಿಯೇ ಅನೇಕರಿಗೆ ಹೊಳೆಯುವುದಿಲ್ಲ. ರೌಟರ್ ಉರಿಯುತ್ತಿದ್ದರೆ ಅದರ ದೀಪಗಳನ್ನು ಗಮನಿಸಿ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿದ್ದರೆ ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ ಎಂದರ್ಥ. ಎಳೆ ಎಲ್ಲೋ ತುಂಡಾಗಿರಬಹುದು ಅಥವಾ ಮಡಚಿರಬಹುದು. ಇದು ಕಂಪನಿಯವರೇ ಸರಿಪಡಿಸಬೇಕಾದ ಕೆಲಸ. ಆ ಎಳೆಯ ತುದಿಯನ್ನು ಕಿತ್ತು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಲೇಸರ್, ಕಣ್ಣಿಗೆ ಹಾನಿ ಮಾಡಬಲ್ಲದು.

ದೀಪಗಳೆಲ್ಲ ಸರಿ ಇದ್ದರೆ ರೌಟರಿನ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ.

ಲ್ಯಾಪ್‌ಟಾಪಿನೊಳಗೆ

ದೋಷ ಲ್ಯಾಪ್‌ಟಾಪಿನದೇ ಎಂದು ಖಚಿತವಾದರೆ ಮೊದಲು ‘ಏರೋಪ್ಲೇನ್ ಮೋಡ್’ ನೋಡಿ. ಕೀಲಿಮಣೆಯ ಮೇಲಿನ ಒಂದು ಗುಂಡಿ ಅರಿವಿಲ್ಲದೆ ಒತ್ತಿದರೂ ವೈಫೈ ಆರುತ್ತದೆ. ನಂತರ ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಸಾಲದಿದ್ದರೆ ಉಳಿಸಿಟ್ಟ ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ ಪಾಸ್‌ವರ್ಡ್ ಹೊಸದಾಗಿ ಕೊಡಿ.

ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಸಂಪರ್ಕ ಮಾತ್ರ ನಿಲ್ಲುವುದಿಲ್ಲವೆ? ವೈಫೈ ಅಲೆಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಕಂಪನಾಂಕಗಳಲ್ಲಿ ಇರುತ್ತವೆ. ಮೊದಲನೆಯದರ ತರಂಗದೂರ ಸುಮಾರು 12.5 ಸೆಂ.ಮೀ., ಎರಡನೆಯದು ಸುಮಾರು 6 ಸೆಂ.ಮೀ. ಎರಡನೆಯದು ವೇಗದ್ದು, ಆದರೆ ಗೋಡೆಗಳಲ್ಲಿ ಬೇಗ ಕುಂದುತ್ತದೆ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಪಕ್ಕದ ಕೋಣೆಗೂ ಅದು ತಲುಪದಿರಬಹುದು. ಅಲ್ಲಿ 2.4 ಆರಿಸುವುದೇ ಲೇಸು.

ವಿಂಡೋಸ್ ಇರುವವರು ‘ಕಮಾಂಡ್ ಪ್ರಾಂಪ್ಟ್’ ತೆರೆದು ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಎಂಬ ಎಂಟು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಬರೆದು ಎಂಟರ್ ಒತ್ತಿ. ನಿಮ್ಮ ಯಂತ್ರದ ವಿಳಾಸಸಂಖ್ಯೆ ಕಾಣುತ್ತದೆ. ವೈಫೈ ವಿಳಾಸ 169.254 ಎಂದು ಆರಂಭವಾದರೆ ರೌಟರ್ ವಿಳಾಸ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಆಗ ರೌಟರ್ ಮತ್ತು ವೈಫೈ ಎರಡನ್ನೂ ಆರಿಸಿ ಹಾಕಿದರೆ ಬಹಳಷ್ಟು ಸಲ ಸರಿಯಾಗುತ್ತದೆ.

ಇನ್ನೊಂದು ಸಣ್ಣ ಕಾರಣ ಗಡಿಯಾರ. ಹಳೆಯ ಯಂತ್ರಗಳಲ್ಲಿ ಒಳಗಿನ ಪುಟ್ಟ ಸೆಲ್ ಮುಗಿದರೆ ದಿನಾಂಕ ಹಿಂದೆ ಹೋಗುತ್ತದೆ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುವುದರಿಂದ ಬ್ರೌಸರ್ ಅವನ್ನು ಒಪ್ಪುವುದಿಲ್ಲ. ದಿನಾಂಕ ಸರಿಪಡಿಸಿದರೆ ಪುಟ ತೆರೆಯುತ್ತದೆ.

ಗಡಿಯ ಗೊಂದಲ

ಮೊಬೈಲ್ ಹಾಟ್‌ಸ್ಪಾಟ್ ನಂಬಿರುವ ಗಡಿಭಾಗದವರಿಗೆ ಮತ್ತೊಂದು ಮಾತು. ದೂರವಾಣಿ ಲೆಕ್ಕದಲ್ಲಿ ಕರ್ನಾಟಕ ಒಂದು ವಲಯ, ಮಹಾರಾಷ್ಟ್ರ ಮತ್ತು ಗೋವಾ ಸೇರಿದ್ದು ಇನ್ನೊಂದು. ಅಲೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ನಿಪ್ಪಾಣಿ ಕಡೆಯ ಫೋನ್ ಕಾಗಲದ ಕಡೆಯ ಟವರನ್ನು, ಕಾಗವಾಡದ ಫೋನ್ ಮಿರಜ ಕಡೆಯ ಟವರನ್ನು ಹಿಡಿಯಬಹುದು. ಕೆಲವು ಫೋನುಗಳು ಅದನ್ನು ರೋಮಿಂಗ್ ಎಂದೇ ಎಣಿಸುತ್ತವೆ. ‘ಡೇಟಾ ರೋಮಿಂಗ್’ ಆರಿದ್ದರೆ ಕರೆ ಬರುತ್ತದೆ, ಇಂಟರ್‌ನೆಟ್ ನಿಲ್ಲುತ್ತದೆ. ಅದನ್ನು ಹಾಕಿ ನೋಡಿ, ಅಥವಾ ಸೆಟ್ಟಿಂಗ್ಸ್‌ನಲ್ಲಿ ಕರ್ನಾಟಕದ ಜಾಲವನ್ನು ಕೈಯಿಂದ ಆರಿಸಿ.

ಕರೆಂಟ್ ಬಹಳ ಹೊತ್ತು ಇಲ್ಲದಿದ್ದರೆ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಈ ಭಾಗವನ್ನು ಮುಳುಗಿಸಿದಂಥ ದಿನಗಳಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೂ ಫಲವಿಲ್ಲ.

ಪಾಲಕರು ನೆನಪಿಡಬೇಕಾದದ್ದು

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮಾಡಿದ್ದನ್ನು ಚೀಟಿಯಲ್ಲಿ ಬರೆದಿಡಿ. ಪ್ರಯೋಗಶಾಲೆಯ ನಿಯಮವೂ ಇದೇ. ಐದು ಗುಂಡಿಗಳನ್ನು ಒಮ್ಮೆಲೆ ಒತ್ತಿದರೆ ಸರಿಯಾದರೂ ಏಕೆ ಸರಿಯಾಯಿತೆಂದು ತಿಳಿಯದು. ಅಂಗಡಿಗೆ ಒಯ್ಯಲೇಬೇಕಾದರೆ ಮೊದಲು ಮಕ್ಕಳ ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಚೀಟಿಯನ್ನೂ ಜೊತೆಗೆ ಕೊಡಿ.

‘ನಾವೇ ದೂರದಿಂದ ಸರಿಪಡಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ’ ಎಂದು ಅಪರಿಚಿತರು ಕರೆ ಮಾಡಿದರೆ ಫೋನ್ ಇಟ್ಟುಬಿಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಮತ್ತು ಲ್ಯಾಪ್‌ಟಾಪ್ ಎರಡೂ ಬೇರೆ ಬೇರೆ. ಗಡುವು ಹತ್ತಿರವಿದ್ದರೆ ನಂಬಿಕೆಯ ಇನ್ನೊಂದು ಗಣಕದಲ್ಲಿ ಅರ್ಜಿ ಮುಗಿಸಿ, ಕೆಲಸ ಆದ ಮೇಲೆ ಅಲ್ಲಿ ಲಾಗ್‌ಔಟ್ ಆಗಿ ಬನ್ನಿ. ಆಮೇಲೆ ಸಮಾಧಾನದಿಂದ ಸಾಲಿನುದ್ದಕ್ಕೂ ನಡೆದು ನೋಡಿದರೆ ಪೈಪ್ ಒಡೆದ ಜಾಗ ಸಿಕ್ಕೇ ಸಿಗುತ್ತದೆ.